ಹಕ್ಕಿಮಾಳದಲ್ಲಿ ದುಂಡಮ್ಮ ಆಡಿದ ಮಾತು

ನಕ್ಕದ್ದು ಸಾಕು. ಚೌಡಪ್ಪಜ್ಜನಿಗೆ ಎಂಬತ್ತೈದು ದಾಟಿತು, ನಿನ್ನೆ ಉಂಡ ಸಾರು ಯಾವುದೆಂದು ಇವತ್ತು ನೆನಪಿಲ್ಲ, ಇನ್ನು ಮೂವತ್ತೊಂದು ವರ್ಷದ ಹಿಂದಿನದನ್ನು ಇವನು ನೆಟ್ಟಗೆ ಹೇಳುತ್ತಾನೆಯೇ ಎಂದು ನೀವು ಮೂತಿ ತಿರುಗಿಸುವುದು ನನಗೆ ಗೊತ್ತಿದೆ. ನಿನ್ನೆಯ ಸಾರು ನೆನಪಿಟ್ಟುಕೊಳ್ಳುವ ಹಾಗಿದ್ದಿದ್ದರೆ ನೆನಪಿರುತ್ತಿತ್ತು. ಮಾಡಿದವಳು ನನ್ನ ಸೊಸೆ, ನೀವು ಫೋನಿನಲ್ಲಿ ಹಿಡಿಯುತ್ತಿರುವ ಇದನ್ನು ಅವಳೂ ಕೇಳುತ್ತಾಳೆ, ಕೇಳಲಿ. ಹಕ್ಕಿಮಾಳದ ಜೀಪಿನ ಎರಡನೇ ಗೇರು ಯಾವ ತಿರುವಿನಲ್ಲಿ ಕಳಚಿಕೊಳ್ಳುತ್ತಿತ್ತು ಎಂದು ಕೇಳಿ ನೋಡಿ. ಆ ಜೀಪನ್ನು ಇಪ್ಪತ್ತೆರಡು ವರ್ಷ ಓಡಿಸಿದವನು ನಾನು. ನೀವೆಲ್ಲ ಒಂದು ಸಲ ಮನೆ ಬೀಗ ಹಾಕಿದಿರೋ ಇಲ್ಲವೋ ಎಂದು ಬಾಗಿಲಿಗೆ ಮೂರು ಸಲ ಓಡುವವರು. ನನ್ನ ನೆನಪಿನ ಪರೀಕ್ಷೆಗೆ ಬರಬೇಡಿ. ಸುಮ್ಮನೆ ಕೇಳಿ.

ನಮ್ಮೂರವರಿಗೆ ಇದನ್ನು ಹೇಳಬೇಕಿಲ್ಲ. ಆದರೆ ಈ ಫೋನಿನ ಮಾತು ಎಲ್ಲೆಲ್ಲಿಗೋ ಹೋಗುತ್ತದಂತೆ, ಅದಕ್ಕೇ ಹೇಳುತ್ತೇನೆ. ಊರಿನ ಬೆನ್ನಿಗೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಒಂದು ಮರವಿಲ್ಲ. ಎಲ್ಲಾದರೂ ಸಸಿ ತಲೆಯೆತ್ತಿದರೆ ಕಾವಲಿನವರು ಕಿತ್ತೆಸೆಯುತ್ತಾರೆ, ಯಾಕೆಂದರೆ ಮರ ಬಂದರೆ ಅದರ ಮೇಲೆ ಗಿಡುಗ ಕೂರುತ್ತದೆ, ಗಿಡುಗ ಕೂತರೆ ನೆಲದಲ್ಲಿ ಗೂಡು ಮಾಡುವ ಗೌಜಲಹಕ್ಕಿ, ಪುರಲೆಹಕ್ಕಿ, ಟಿಟ್ಟಿಭಗಳಿಗೆ ಉಳಿಗಾಲವಿಲ್ಲ. ಆ ನೆಲ ಹಕ್ಕಿಗಳಿಗೆಂದೇ ಬಿಟ್ಟದ್ದು. ಅದೇ ಹಕ್ಕಿಮಾಳ. ಬುಡದಲ್ಲಿ ಗೇಟಿದೆ. ಗೇಟಿಗೊಂದು ಬೋರ್ಡು: ಒಳಗೆ ಮಾತಾಡಬಾರದು. ಹಕ್ಕಿಗಳ ನೆಮ್ಮದಿಗಾಗಿ ಎಂದು ಆಫೀಸಿನವರು ಕೆಳಗೆ ಸಣ್ಣಕ್ಷರದಲ್ಲಿ ಬರೆಸಿದ್ದರು. ನಮ್ಮ ಕಾರಣ ಬೇರೆ. ಮಾಳದ ಮೇಲೆ ಒಂದು ಸಂಗತಿಯನ್ನು ಬಾಯಿಬಿಟ್ಟು ಆಡಿದರೆ, ಕೆಳಗಿಳಿದ ಮೇಲೆ ಅದನ್ನು ಮತ್ತೆ ಆಡಲಾಗುವುದಿಲ್ಲ. ಮರೆತುಹೋಗುವುದಿಲ್ಲ, ಎದೆಯೊಳಗೆ ಹಾಗೇ ಇರುತ್ತದೆ. ಆದರೆ ನಾಲಿಗೆ ಒಣಗುತ್ತದೆ. ಬರೆಯಲು ಹೋದರೆ ಬೆರಳು ನಿಲ್ಲುತ್ತದೆ. ಇನ್ನೊಬ್ಬರು ಕೇಳಿದಾಗ ಹೌದೆಂದು ತಲೆಯಾಡಿಸಲು ಹೋದರೆ ಕತ್ತು ಗೂಟ ಹೊಡೆದಂತೆ ನಿಂತುಬಿಡುತ್ತದೆ. ಕೇಳಿಸಿಕೊಂಡವರಿಗೆ ಏನೂ ಆಗುವುದಿಲ್ಲ. ಅವರು ಎಲ್ಲಿ ಬೇಕಾದರೂ ಹೇಳಬಹುದು, ಹೇಳುವ ಮನಸ್ಸಿದ್ದರೆ.

ಅದಕ್ಕೆ ಹೊಂದಿಕೊಂಡೇ ನಾವು ಬದುಕಿದವರು. ನಾದಿನಿಯ ಗುಟ್ಟು ಕಾಪಾಡುತ್ತೇನೆಂದು ಮಾತು ಕೊಟ್ಟು, ತನ್ನ ಬಾಯಿಯ ಮೇಲೆ ತನಗೇ ನಂಬಿಕೆಯಿಲ್ಲದ ಹೆಂಗಸು, ಬುತ್ತಿ ಕಟ್ಟಿಕೊಂಡು ಮಾಳಕ್ಕೆ ಹೋಗಿ ಟಿಟ್ಟಿಭದ ಮುಂದೆ ಎಲ್ಲ ಹೇಳಿ ಹಗುರಾಗಿ ಬರುತ್ತಿದ್ದಳು. ಕ್ಷೌರದ ಲಕ್ಕಯ್ಯ ಪ್ರಾಯದಲ್ಲಿ ಒಬ್ಬ ಹುಡುಗಿಗೆ, ನಿನ್ನನ್ನೇ ಮದುವೆಯಾಗುತ್ತೇನೆ ಎಂದು ಆ ಹುಲ್ಲಿನ ನಡುವೆ ನಿಂತು ಹೇಳಿದ. ಹೇಳಲು ಬೇರೆ ಜಾಗ ಸಿಗಲಿಲ್ಲ ಮುಟ್ಠಾಳನಿಗೆ. ಕೆಳಗೆ ಬಂದು ಅವಳ ಅಪ್ಪನೆದುರು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡಿದ. ಹುಡುಗ ಮೂಗ ಎಂದು ಅವರು ಎದ್ದು ಹೋದರು. ಸಾಯುವವರೆಗೂ ಅವನಿಗೆ ಮದುವೆಯಾಗಲಿಲ್ಲ. ದನದ ಸಂತೆಯಲ್ಲಿ ಇನ್ನೂ ಚಂದ. ಎತ್ತಿನ ಕಾಯಿಲೆಯನ್ನು ಮೊದಲೇ ಮಾಳದಲ್ಲಿ ಹೇಳಿ ಬರುತ್ತಿದ್ದರು, ಆಮೇಲೆ ಕೊಳ್ಳುವವನು ಕೇಳಿದರೆ, "ನಾನು ಸುಳ್ಳು ಹೇಳ್ಲಿಲ್ವಲ್ಲ ಕಣಪ್ಪ, ಹೇಳಕ್ಕಾಗ್ಲಿಲ್ಲ ಅಷ್ಟೆ" ಎನ್ನುತ್ತಿದ್ದರು. ಹಾಗಾಗಿ ಕೊಳ್ಳುವವರು ಎತ್ತಿನ ಹಲ್ಲು ನೋಡುವ ಮೊದಲು ಮಾರುವವನ ಪಂಚೆಯ ಅಂಚು ನೋಡುತ್ತಿದ್ದರು. ಮಾಳದ ಹುಲ್ಲಿನ ಮುಳ್ಳುಮುಳ್ಳು ಊಬು ಬಟ್ಟೆಗೆ ಚುಚ್ಚಿಕೊಂಡರೆ ಎರಡು ಒಗೆತಕ್ಕೂ ಬಿಡುವುದಿಲ್ಲ.

ದುಂಡಮ್ಮ ಮತ್ತು ಅವಳ ಗಂಡ ಚಿಕ್ಕಮಾದ ಆ ಮಾಳದ ಕಾವಲಿನವರು. ಗೇಟಿನ ಹೊರಮಗ್ಗುಲಿನ ಹಂಚಿನ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದರು. ಮಕ್ಕಳಿರಲಿಲ್ಲ. ಕಾವಲೆಂದರೆ ದೊಣ್ಣೆ ಹಿಡಿದು ಕೂರುವುದಲ್ಲ. ಮಾಳ ಕೌದಿಯ ಹಾಗಿರಬೇಕು ಎನ್ನುತ್ತಿದ್ದ ಚಿಕ್ಕಮಾದ. ಒಂದು ತುಂಡು ಈ ವರ್ಷ ಸುಟ್ಟದ್ದು, ಪಕ್ಕದ್ದು ಹೋದ ವರ್ಷ ಸುಟ್ಟು ಚಿಗುರಿದ್ದು, ಅದರಾಚೆ ಮೂರು ವರ್ಷ ಮುಟ್ಟದ ಎತ್ತರದ ಹುಲ್ಲು. ಹಕ್ಕಿ ಮೇಯುವುದು ಚಿಗುರಿನಲ್ಲಿ, ಹುಳ ಹೆಕ್ಕುವುದು ಸುಟ್ಟ ನೆಲದಲ್ಲಿ, ಮೊಟ್ಟೆ ಇಡುವುದು ಎತ್ತರದ ಹುಲ್ಲಿನ ಬುಡದಲ್ಲಿ. ಮೂರೂ ಹತ್ತಿರ ಹತ್ತಿರ ಇದ್ದರೇ ಸಂಸಾರ. ಹಾಗಾಗಿ ಪುಷ್ಯ ಮಾಸದ ಚಳಿಯಲ್ಲಿ, ಇಬ್ಬನಿ ಆರುವ ಮೊದಲು, ಗಾಳಿ ಮಲಗಿರುವಾಗ, ಗಂಡ ಹೆಂಡತಿ ಒಂದೊಂದೇ ಪಟ್ಟಿ ಸುಡುತ್ತಿದ್ದರು. ಅವನ ಕೈಯಲ್ಲಿ ಕೊಳ್ಳಿ, ಇವಳ ಕೈಯಲ್ಲಿ ಬೆಂಕಿ ಬಡಿಯುವ ಹಸಿ ಸೊಪ್ಪಿನ ಕೊಂಬೆ. ಮಾತಿಲ್ಲ, ಸಿಳ್ಳೆ ಮಾತ್ರ. ಎರಡು ಗಿಡ್ಡ ಸಿಳ್ಳೆ ಹಾಕಿದರೆ ಬಾ ಎಂದು. ಮೂರು ಹಾಕಿದರೆ ಇನ್ನೊಂದು ಗಳಿಗೆ ತಡೆ ಎಂದು. ಒಂದೇ ಉದ್ದ ಸಿಳ್ಳೆಯೆಂದರೆ ಗಾಳಿ ತಿರುಗಿತು, ಓಡು.

ಹಗಲೆಲ್ಲ ಬಾಯಿ ಮುಚ್ಚಿಕೊಂಡಿರುತ್ತಿದ್ದದ್ದಕ್ಕೋ ಏನೋ, ಸಂಜೆ ಗೇಟು ದಾಟಿದೊಡನೆ ಇಬ್ಬರೂ ಕಟ್ಟೆಯೊಡೆದ ಹಾಗೆ ಮಾತಾಡುತ್ತಿದ್ದರು. "ನಿನ್ ಸಿಳ್ಳೆ ಕೇಳುದ್ರೆ ಗೌಜ್ಲಕ್ಕಿನೂ ಗಂಡುನ್ ಬುಟ್ಟು ಓಡೋಯ್ತದೆ" ಎಂದು ಇವಳು. "ನೀನ್ಯಾಕ್ ಓಡೋಗ್ಲಿಲ್ಲ ಮತ್ತೆ?" ಎಂದು ಅವನು. "ಇಂಗೆ ಹಂಚಿನ್ ಮನೆ ಯಾವನ್ ಕೊಟ್ಟಾನು ಅಂತ" ಎಂದು ಇವಳು. ಜೀಪು ನಿಲ್ಲಿಸಿ ನಾನು ಎಷ್ಟೋ ಸಲ ಆ ಜಗಳ ಕೇಳುತ್ತಾ ಕೂತಿದ್ದೇನೆ, ನಾಟಕ ನೋಡಿದ ಹಾಗಿರುತ್ತಿತ್ತು. ಚಿಕ್ಕಮಾದ ಹೆಂಡ ಮುಟ್ಟಿದವನಲ್ಲ. ಅದರ ವಾಸನೆಗೇ ಅವನಿಗೆ ಹೊಟ್ಟೆ ತೊಳೆಸುತ್ತಿತ್ತು. ಅದು ದುಂಡಮ್ಮನ ಹೆಮ್ಮೆ. ಬಾವಿಕಟ್ಟೆಯಲ್ಲಿ ಹೆಂಗಸರು ಗಂಡಂದಿರ ಕುಡಿತದ ಕಥೆ ತೆಗೆದರೆ ಅವಳು ಸೆರಗು ಸರಿಮಾಡಿಕೊಂಡು ಎದ್ದು ಬರುತ್ತಿದ್ದಳು, ತನಗೆ ಅಲ್ಲಿ ಹೇಳಲು ಏನೂ ಇಲ್ಲ ಎಂಬ ಗತ್ತಿನಲ್ಲಿ.

ಆ ವರ್ಷ ಬೇಸಿಗೆ ಬೇಗ ಬಂತು. ಯುಗಾದಿಗೆ ವಾರವಿತ್ತು. ಒಂದು ಸಂಜೆ ಮಾಳದ ಸಾಹೇಬ ವೃಷಭೇಂದ್ರಯ್ಯ ಬಂಗಲೆಯಿಂದ ಒಬ್ಬನೇ ನಡೆದುಕೊಂಡು ಕಾವಲು ಮನೆಗೆ ಬಂದ. ದುಂಡಮ್ಮ ಹೊಸ್ತಿಲಲ್ಲಿ ಮೊರದ ತುಂಬ ರಾಗಿ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ಮುಂದಿನದನ್ನು ನಾನು ಕಂಡಿಲ್ಲ, ಅವಳ ಬಾಯಿಂದಲೇ ಕೇಳಿದ್ದು. ಎಲ್ಲಿ ಕೇಳಿದೆ ಎಂಬುದು ಮುಂದೆ ಬರುತ್ತದೆ.

"ಚಿಕ್ಕಮಾದ, ನಾಡಿದ್ದು ದೊಡ್ಡೋರೆಲ್ಲ ಹಕ್ಕಿ ನೋಡೋಕೆ ಬರ್ತಿದ್ದಾರೆ. ನೋಡೋ ಕಟ್ಟೆ ಮುಂದೆ ಹುಲ್ಲು ಎದೆಮಟ್ಟ ನಿಂತಿದೆ, ಒಂದು ಹಕ್ಕೀನೂ ಕಾಣಲ್ಲ. ನಾಳೆ ಅಲ್ಲೊಂದು ಪಟ್ಟಿ ಸುಟ್ಟುಬಿಡು. ಹುಳ ಹೆಕ್ಕೋಕೆ ಹಿಂಡುಗಟ್ಲೆ ಬರ್ತವೆ, ಅವರು ಕೂತಲ್ಲೇ ನೋಡ್ಕೋತಾರೆ."

"ಬುದ್ಧಿ, ಇದು ಸುಡೋ ಕಾಲ ಅಲ್ಲ ಬುದ್ಧಿ" ಎಂದ ಚಿಕ್ಕಮಾದ. "ಆ ಹುಲ್ಲು ಬುಡ್ದಲ್ಲಿ ಮೊಟ್ಟೆ ಮಡಗವೆ. ಇಬ್ಬನೀನೂ ಇಲ್ಲ, ಗಾಳಿ ಬೇರೆ ಎದ್ದದೆ. ಕಿಚ್ಚು ನಮ್ ಮಾತು ಕೇಳಕಿಲ್ಲ."

"ಹಕ್ಕಿ ಶಾಸ್ತ್ರ ನನಗೇ ಹೇಳಿಕೊಡ್ತೀಯಾ? ಸುಡ್ತೀಯೋ, ಮನೆ ಖಾಲಿ ಮಾಡ್ತೀಯೋ, ಎರಡರಲ್ಲಿ ಒಂದು ಹೇಳು."

ಮೊರ ಕೆಳಗಿಟ್ಟು ದುಂಡಮ್ಮ ಎದ್ದು ನಿಂತಳು. "ಅಂಗಾರೆ ಬರ್ದು ಕೊಡಿ ಬುದ್ಧಿ, ಸುಡು ಅಂತವ."

ಸಾಹೇಬ ನಕ್ಕ. "ಬರೆದರೆ ನಿನ್ನ ಗಂಡನಿಗೆ ಓದೋಕೆ ಬರುತ್ತೇನಮ್ಮಾ?"

ಮರುದಿನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಚಿಕ್ಕಮಾದ ಕೊಳ್ಳಿ ಮುಟ್ಟಿಸಿದ. ಅಷ್ಟು ಹೊತ್ತು ಅವನು ತಡೆದದ್ದೂ ಹಕ್ಕಿಗಳಿಗಾಗಿಯೇ. ಬೆಳಗಿನಿಂದ ಮಂಡಿಯೂರಿ ಹುಲ್ಲಿನ ಬುಡ ತಡಕುತ್ತಾ, ಸಿಕ್ಕ ಮೊಟ್ಟೆಗಳನ್ನು ಟವಲಿನಲ್ಲಿ ತುಂಬಿ ಆಚೆಯ ಪಟ್ಟಿಗೆ ಸಾಗಿಸುತ್ತಿದ್ದ. ತಾಯಿಹಕ್ಕಿ ಅಲ್ಲಿಗೆ ಬರುತ್ತದೋ ಇಲ್ಲವೋ, ಅವನ ಸಮಾಧಾನಕ್ಕೆ. ಬೆಂಕಿ ಇಪ್ಪತ್ತು ಮಾರು ಹೇಳಿದ ಮಾತು ಕೇಳಿಕೊಂಡು ಹೋಯಿತು. ಆಮೇಲೆ ದಿಬ್ಬದ ಮೇಲಿನಿಂದ ಗಾಳಿ ಇಳಿಯಿತು. ಬೆಂಕಿ ನುಗ್ಗಿದ, ಸುಡಬಾರದ ಆಚೆಯ ಹುಲ್ಲಿನೊಳಗೆ ಚಿಕ್ಕಮಾದ ಕೊನೆಯದೊಂದು ಗೂಡಿಗೆಂದು ಬಗ್ಗಿದ್ದ. ದುಂಡಮ್ಮ ಎರಡು ಸಿಳ್ಳೆ ಹಾಕಿದಳು, ಬಾ. ಅವನು ಮೂರು ಹಾಕಿದ, ಇನ್ನೊಂದು ಗಳಿಗೆ. ಮತ್ತೆ ಎರಡು ಹಾಕಿದಳು. ತುಟಿ ಒಡೆದು ರಕ್ತ ಬರುವವರೆಗೆ ಹಾಕಿದಳು. ಹೊಗೆ ನಡುವೆ ಬಂದು ನಿಂತಿತು.

ಅವಳು ಕೂಗಲಿಲ್ಲ. ಅದೊಂದನ್ನು ಊರು ಅವಳಿಗೆ ಕೊನೆಯವರೆಗೂ ಕ್ಷಮಿಸಲಿಲ್ಲ. "ಬಾ ಮಾರಾಯ ಅಂತ ಒಂದ್ ಸಲ ಕಿರುಚಕ್ಕೇನಾಗಿತ್ತು? ಆ ಮಾತು ಬಾಯಿಂದ ಹೋಗಿದ್ರೆ ಹೋಯ್ತಿತ್ತು" ಎಂದರು. ಹೇಳುವುದು ಸುಲಭ. ಹದಿನಾಲ್ಕು ವರ್ಷ ಆ ಗೇಟು ದಾಟಿ ಒಳಗೆ ಹೋದೊಡನೆ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ ಹೆಂಗಸಿಗೆ, ಕೂಗಬಹುದು ಎಂಬುದೇ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಹೊಗೆ ಇಳಿದ ಮೇಲೆ ಅವನನ್ನು ಎತ್ತಿ ತಂದದ್ದು ನನ್ನ ಜೀಪಿನಲ್ಲೇ. ಎದೆಗೆ ಒತ್ತಿ ಹಿಡಿದ ಟವಲಿನಲ್ಲಿ ಏಳು ಮೊಟ್ಟೆ, ಬೆಂದು ಗಟ್ಟಿಯಾಗಿದ್ದವು.

ಮಾಳದ ಕಾಲು ಭಾಗ ಸುಟ್ಟಿತ್ತು. ಒಬ್ಬ ಸತ್ತಿದ್ದ. ವಿಚಾರಣೆ ಇಟ್ಟರು. ಬೇರೆ ಊರಿನ ಒಬ್ಬ ಅಧಿಕಾರಿ ಬಂದು ಶಾಲೆಯ ದೊಡ್ಡ ಕೋಣೆಯಲ್ಲಿ ಎಲ್ಲರ ಹೇಳಿಕೆ ತೆಗೆದುಕೊಳ್ಳುವುದೆಂದು ದಿನ ಗೊತ್ತಾಯಿತು. ಸಾಹೇಬ ಮೊದಲೇ ವರದಿ ಬರೆದು ಕಳಿಸಿದ್ದ: ಕಾವಲುಗಾರ ಕುಡಿದ ಅಮಲಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಬೆಂಕಿ ಹಚ್ಚಿದ್ದಾನೆ. ಅದು ಸುಳ್ಳೆಂದು ಹೇಳಬಲ್ಲವಳು ದುಂಡಮ್ಮ ಒಬ್ಬಳೇ. ಅಪ್ಪಣೆ ಕೊಟ್ಟದ್ದನ್ನು ಕೇಳಿದ ಜೀವ ಅದೊಂದೇ ಉಳಿದಿತ್ತು. ಹಾಗೆಂದು ಅವಳು ಊರೆಲ್ಲ ಸಾರಿಕೊಂಡು ತಿರುಗಲಿಲ್ಲ. ನನ್ನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. "ಅಲ್ಲಿ, ಆ ದೊಡ್ಡೋರ್ ಮುಂದ್ಗಡೆ ಹೇಳ್ತೀನಿ ಚೌಡಣ್ಣ. ಚಿಕ್ಕಮಾದ ಕುಡುಕ ಅಂತ ಬರ್ದವ್ರಂತೆ. ಅದ್ನ ಅವ್ರ ಕೈಲೇ ಹೊಡ್ದಾಕಿಸ್ತೀನಿ. ಮನೆ ಹೋದ್ರೆ ಹೋಯ್ತದೆ" ಎಂದಿದ್ದಳು ಅಷ್ಟೆ.

ಈಗ ನನ್ನ ಪಾಲಿನದು. ಅಡಗಿಸುವುದಿಲ್ಲ. ವಿಚಾರಣೆಗೆ ಎರಡು ದಿನವಿತ್ತು. ಸಾಹೇಬನನ್ನು ಕೂರಿಸಿಕೊಂಡು ಪೇಟೆಯಿಂದ ಬರುತ್ತಿದ್ದೆ. ಎಂದೂ ಹಿಂದೆ ಕೂರುವ ಆಸಾಮಿ ಅವತ್ತು ಮುಂದೆ, ನನ್ನ ಪಕ್ಕ ಕೂತ. ಬೀಡಿ ಕೊಟ್ಟ. "ಪಾಪ, ಆ ಹೆಂಗಸಿನ ಕಥೆ ಏನು ಚೌಡಪ್ಪ? ತುಂಬ ಗಟ್ಟಿಗಿತ್ತಿ ಅಂತಾರೆ. ಕಣ್ಣಲ್ಲಿ ನೀರೇ ಹಾಕಲಿಲ್ಲವಂತೆ" ಎಂದ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಒಬ್ಬ ದೊಡ್ಡ ಮನುಷ್ಯ ನನ್ನನ್ನು ಮಾತಾಡಿಸಿದನಲ್ಲ ಎಂಬ ಖುಷಿ ಬೇರೆ. "ಗಟ್ಟಿಗಿತ್ತಿನೇ ಸಾರ್. ಅವ್ಳಿಗೆ ನೀವು ಏನ್ ಬೈದ್ರೂ ಕಲ್ಲಿದ್ದಂಗಿರ್ತಾಳೆ. ಗಂಡುನ್ ಬಗ್ಗೆ ಒಂದ್ ಮಾತು ಅನ್ನಿ ನೋಡುವಾ, ಅದ್ರಲ್ಲೂ ಕುಡ್ದಿದ್ದ ಅಂತ ಅನ್ನಿ, ಎಲ್ಲಿದ್ದೀನಿ ಅನ್ನೋದೂ ಗ್ಯಾನ ಇರಲ್ಲ ಅವ್ಳಿಗೆ" ಎಂದೆ. ಇಷ್ಟೇ. ಈ ಒಂದೇ ಮಾತು. ಸಾಹೇಬ ಹೊರಗೆ ನೋಡುತ್ತಾ ಹೂಂ ಎಂದ.

ಮರುದಿನ ಬೆಳಿಗ್ಗೆ ಕಾವಲು ಮನೆಯ ಮುಂದೆ ಜೀಪು ನಿಲ್ಲಿಸಲು ಹೇಳಿ, ದುಂಡಮ್ಮನನ್ನು ಕರೆದ. "ಮಹಜರು ಮಾಡಬೇಕಮ್ಮ. ನಿನ್ನ ಗಂಡ ಬಿದ್ದ ಜಾಗ ತೋರಿಸು. ಮಾತೇನೂ ಬೇಡ, ಬೆರಳು ತೋರಿಸಿದರೆ ಸಾಕು, ನಾನು ಅಳತೆ ಬರಕೋತೀನಿ." ಅದರಲ್ಲಿ ಹುಳುಕು ಕಾಣಲಿಲ್ಲ ಅವಳಿಗೆ. ಹಳೆಯ ಸೀರೆಯಲ್ಲೇ ಹತ್ತಿ ಹಿಂದೆ ಕೂತಳು.

ಮಾಳ ಕರ್ರಗಿತ್ತು. ಸುಟ್ಟ ನೆಲದ ಅಂಚಿನಲ್ಲಿ, ಇನ್ನೂ ಹುಲ್ಲು ಉಳಿದಿದ್ದ ಕಡೆ ಜೀಪು ನಿಲ್ಲಿಸಿದೆ. ಅವಳು ಇಳಿದು, ಮಂಡಿಯುದ್ದದ ಹುಲ್ಲು ಹಾದು, ಕರಕಲು ನೆಲದ ಅಂಚಿನಲ್ಲಿ ನಿಂತು ಬೆರಳು ತೋರಿಸಿದಳು. ಸಾಹೇಬ ಟೇಪು ಹಿಡಿಯಲಿಲ್ಲ, ಕಾಗದ ತೆಗೆಯಲಿಲ್ಲ. ಅವಳ ಮುಖಕ್ಕೆ ಮುಖ ಕೊಟ್ಟು ನಿಂತು, ಗಟ್ಟಿಯಾಗಿ, ಮಾಳದ ಮೇಲೆ ಯಾರೂ ಮಾತಾಡದಷ್ಟು ಗಟ್ಟಿಯಾಗಿ ಹೇಳಿದ:

"ಇಲ್ಲೇ ಅಲ್ವಾ ಅವನು ಕುಡಿದು ಬಿದ್ದಿದ್ದು? ಹೆಂಡದ ವಾಸನೆ ಊರಿಗೆಲ್ಲ ಬಡೀತಿತ್ತಂತೆ. ಕುಡುಕ ನನ್ನ ಮಾಳ ಸುಟ್ಟ. ನೀನೇ ತಂದುಕೊಟ್ಟೆಯೇನಮ್ಮಾ ಸೀಸೆ?"

ಹೇಳಿದ್ದನ್ನು ಕೆಳಗೆ ಹೋಗಿ ಮತ್ತೆ ಹೇಳಲಾಗದೆಂದು ಅವನಿಗೂ ಗೊತ್ತಿತ್ತು. ಆದರೆ ಅವನದು ಬರೆದಾಗಿತ್ತು, ಸಹಿಯಾಗಿತ್ತು. ಬಾಯಿಯಿಂದ ಹೇಳುವ ಅಗತ್ಯ ಅವನಿಗೆ ಮತ್ತೆ ಬೀಳುವುದಿರಲಿಲ್ಲ. ಇದು ನನಗೆ ಹೊಳೆದದ್ದು ಒಂದು ಕ್ಷಣ ತಡವಾಗಿ. ಬೇಡ ಕಣವ್ವ ಎಂದು ಕೈ ಎತ್ತುವಷ್ಟರಲ್ಲಿ ದುಂಡಮ್ಮನ ಬಾಯಿ ತೆರೆದಿತ್ತು.

"ಯಾರ್ಲಾ ಕುಡುಕ?" ಎಂದಳು. ಹದಿನಾಲ್ಕು ವರ್ಷದಲ್ಲಿ ಆ ಹುಲ್ಲು ಅವಳ ದನಿ ಕೇಳಿದ್ದು ಅದೇ ಮೊದಲು. ಹಕ್ಕಿಗಳೆಲ್ಲ ದಡಬಡ ಎದ್ದವು. "ನೀನೇ ಬಂದು ಹೇಳ್ದೋನು! ನನ್ ಹೊಸ್ಲಲ್ಲಿ ನಿಂತ್ಕಂಡು ಸುಡು ಅಂದೋನು ನೀನು! ಮೊಟ್ಟೆ ಮಡಗವೆ ಬುದ್ಧಿ ಅಂತ ಅವ್ನು ಕೈ ಮುಗುದ. ಮನೆ ಖಾಲಿ ಮಾಡು ಅಂದೆ. ಬರ್ದು ಕೊಡು ಅಂದ್ರೆ ನಕ್ಕೆ!" ಹೀಗೆ ಶುರುವಾಗಿ ಎಲ್ಲ ಬಂತು. ಅವನು ಹೆಂಡ ಮುಟ್ಟಿದವನಲ್ಲ ಎಂಬುದು ಬಂತು, ಟವಲು ಬಂತು, ಗಾಳಿ ಬಂತು, ಎರಡು ಸಿಳ್ಳೆ ಬಂತು, ಅವನ ಮೂರು ಸಿಳ್ಳೆ ಬಂತು. ಕೊನೆಯಲ್ಲಿ ಇನ್ನೂ ಏನೋ ಹೇಳಿದಳು. ನಮ್ಮ ತಲೆಯ ಮೇಲೆ ಟಿಟ್ಟಿಭಗಳ ಹಿಂಡು ಅರಚುತ್ತಾ ಸುತ್ತುತ್ತಿತ್ತು, ಅದು ನನಗೆ ಮುಟ್ಟಲಿಲ್ಲ.

ಸಾಹೇಬ ಕೈಕಟ್ಟಿ ನಿಂತು ಪೂರ್ತಿ ಕೇಳಿದ. ಮುಗಿದ ಮೇಲೆ ಕರವಸ್ತ್ರದಿಂದ ಮುಖ ಒರೆಸಿಕೊಂಡು ಜೀಪಿನತ್ತ ನಡೆದ. ಆಗ ಅವಳಿಗೆ ತಿಳಿಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಹೊರಗೆ ಹೋದದ್ದನ್ನು ಒಳಗೆ ತಳ್ಳುವವಳ ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. ಇಳಿಯುವ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ನೀನು ಕೇಳಿದೆಯಲ್ಲ ಅಣ್ಣ, ಎನ್ನುವ ನೋಟ. ಅದರಲ್ಲಿ ಗಾಬರಿಯಿದ್ದಷ್ಟೇ ಧೈರ್ಯವೂ ಇತ್ತು. ಅದೇ ನನ್ನನ್ನು ಇವತ್ತಿಗೂ ತಿನ್ನುವುದು.

ಮರುದಿನ ಶಾಲೆಯ ಕೋಣೆ ತುಂಬಿತ್ತು. ಹಿಂದಿನ ದಿನದ ಸೀರೆಯಲ್ಲೇ ಬಂದಿದ್ದಳು ದುಂಡಮ್ಮ. ಅಂಚಿನ ತುಂಬ ಊಬು. ಅದನ್ನು ಕಂಡದ್ದೇ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನಾಗಿದೆ ಎಂದು ಅಷ್ಟೂ ಜನಕ್ಕೆ ಗೊತ್ತಾಯಿತು, ಎತ್ತು ಕೊಳ್ಳುವ ಕಣ್ಣುಗಳಲ್ಲವೇ. ಗೊತ್ತಾಗದವನು ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಒಬ್ಬನೇ. ಗುಮಾಸ್ತ ಸಾಹೇಬನ ವರದಿ ಓದಿದ. ಸಾಹೇಬ ಬಾಯಿ ಬಿಡಲಿಲ್ಲ, ಬಿಡುವ ಅಗತ್ಯವಿರಲಿಲ್ಲ.

"ಹೇಳಮ್ಮಾ, ಬೆಂಕಿ ಹಚ್ಚೋಕೆ ಯಾರು ಹೇಳಿದರು?" ಎಂದ ಅಧಿಕಾರಿ. ಒಳ್ಳೆಯ ಮನುಷ್ಯನೇ. ನೀರು ತರಿಸಿಕೊಟ್ಟ.

ದುಂಡಮ್ಮ ಬಾಯಿ ತೆರೆದಳು. ಗಂಟಲ ನರ ಹಗ್ಗದ ಹಾಗೆ ಎದ್ದಿತು, ದನಿ ಬರಲಿಲ್ಲ. ಕಾಗದ ಕೊಟ್ಟು ಹೆಬ್ಬೆಟ್ಟಾದರೂ ಒತ್ತು, ವರದಿ ಸುಳ್ಳಾದರೆ ಈ ಕಡೆ, ನಿಜವಾದರೆ ಆ ಕಡೆ ಎಂದ ಅಧಿಕಾರಿ. ಮಸಿ ಮುಟ್ಟಿದ ಬೆರಳು ಕಾಗದದಿಂದ ಒಂದು ಗೇಣು ಮೇಲೆಯೇ ನಿಂತಿತು, ಇಳಿಯಲಿಲ್ಲ. ಆಮೇಲೆ ಅವಳು ತಿರುಗಿ ನನ್ನನ್ನು ನೋಡಿದಳು. ಅಧಿಕಾರಿಯೂ ಅವಳ ನೋಟ ಹಿಡಿದು ನನ್ನನ್ನು ನೋಡಿದ. "ನೀವು ಯಾರು? ನಿಮಗೇನಾದರೂ ಗೊತ್ತಾ?"

ನಾನು ಎದ್ದು ನಿಂತೆ. ಬಾಯಿ ಚೆನ್ನಾಗಿತ್ತು, ನಾಲಿಗೆಯಲ್ಲಿ ನೀರಿತ್ತು. ಸಾಹೇಬ ನನ್ನತ್ತ ನೋಡಲೂ ಇಲ್ಲ, ಕಿಟಕಿಯಾಚೆ ನೋಡುತ್ತಿದ್ದ, ಅಂದು ಜೀಪಿನಲ್ಲಿ ನೋಡಿದ ಹಾಗೆ. ನನ್ನ ಕೆಲಸಕ್ಕೆ ಇನ್ನೆರಡು ವರ್ಷವಿತ್ತು.

"ನಾನು ಡ್ರೈವರು ಸಾರ್. ಜೀಪಲ್ಲಿ ಕೂತಿದ್ದೆ. ನಂಗೇನೂ ಕೇಳಿಸ್ಲಿಲ್ಲ."

ನನ್ನನ್ನು ಬೈಯುವ ಹಕ್ಕಿದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಊಬು ಕಂಡೂ ಸುಮ್ಮನೆ ಕೂತವರು ಎಲ್ಲರೂ. ದುಂಡಮ್ಮ ಮೇಜಿನ ಮೇಲಿದ್ದ ನೀರು ಕುಡಿದು, ಲೋಟವನ್ನು ಸೆರಗಿನಿಂದ ಒರೆಸಿಟ್ಟು, ಹೊರಗೆ ನಡೆದಳು. ಸಂಜೆಗೆ ತೀರ್ಮಾನ ಬರೆದರು: ಕಾವಲುಗಾರನದೇ ತಪ್ಪು, ಕುಡಿದಿದ್ದ. ವಾರದೊಳಗೆ ಹಂಚಿನ ಮನೆ ಬಿಡಿಸಿದರು. ನೇಕಾರರ ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದು, ನೂಲು ಸುತ್ತುತ್ತಾ ಕೂತಳು. ಬಾವಿಕಟ್ಟೆಯಲ್ಲಿ ಹೆಂಗಸರು ಗಂಡಂದಿರ ಕುಡಿತದ ಕಥೆ ತೆಗೆದಾಗ, "ನಿಂಗೆ ಗೊತ್ತಲ್ಲ ದುಂಡವ್ವ" ಎಂದು ಅವಳನ್ನೂ ಸೇರಿಸಿಕೊಳ್ಳತೊಡಗಿದರು. ಅವಳು ಅಲ್ಲ ಎನ್ನಲಾರಳು. ಬಿಂದಿಗೆ ತುಂಬುವವರೆಗೆ ನಿಂತು ಕೇಳಿ ಬರುತ್ತಿದ್ದಳು.

ಕೆಲಸ ಮುಗಿದ ಮೇಲೆ ನಾನು ಆಫೀಸಿಗೆ ಕಾಗದ ಬರೆದೆ. ಪ್ರಕರಣ ಮುಗಿದಿದೆ ಎಂದು ಉತ್ತರ ಬಂತು. ವೃಷಭೇಂದ್ರಯ್ಯ ಆ ಹೊತ್ತಿಗೆ ಮೇಲಿನ ಹುದ್ದೆಗೆ ಹೋಗಿ, ಹಾರ ಹಾಕಿಸಿಕೊಂಡು, ಸತ್ತೂ ಹೋಗಿದ್ದ. ಟೀ ಅಂಗಡಿಯಲ್ಲಿ ಹೇಳಿದೆ. ಜನ ಕೇಳಿದರು, ಪಾಪ ಎಂದರು, ಆಮೇಲಾಮೇಲೆ ಮುದುಕನಿಗೆ ಬೇರೆ ಕಥೆಯಿಲ್ಲ ಎಂದರು. ಒಂದು ದಿನ ಬೆಳಿಗ್ಗೆ ಮಾಳದ ಗೇಟಿನವರೆಗೆ ಹೋದದ್ದೂ ಉಂಟು. ಮೇಲೆ ಹತ್ತಿ ಎಲ್ಲ ಆಡಿಬಿಟ್ಟರೆ ನನ್ನ ಬಾಯಿಯೂ ಕಟ್ಟುತ್ತದೆ, ಹೇಳಬೇಕೆಂಬ ಉರಿಯೇ ಇರುವುದಿಲ್ಲ ಎಂದು. ಗೇಟಿನ ಚಿಲಕ ಹಿಡಿದು ಬಹಳ ಹೊತ್ತು ನಿಂತಿದ್ದೆ. ಆಮೇಲೆ ನನ್ನ ಮುಖಕ್ಕೆ ನಾನೇ ಉಗಿದುಕೊಂಡು ವಾಪಸಾದೆ.

ಇಪ್ಪತ್ತಾರು ವರ್ಷ ನೇಕಾರರ ಬೀದಿಗೆ ಕಾಲಿಡಲಿಲ್ಲ. ನನ್ನ ಹೆಂಡತಿ ತೀರಿಕೊಂಡ ವರ್ಷ ಹೋದೆ. ಕದ ತೆರೆದು, "ಬಾ ಚೌಡಣ್ಣ, ಊಟ ಆಯ್ತಾ?" ಎಂದಳು. ಅಷ್ಟು ವರ್ಷ ಕಳೆದು ಅವಳು ಕೇಳಿದ ಪ್ರಶ್ನೆ ಅದು. ಚಾಪೆಯ ಮೇಲೆ ಕೂತು, ಅವಳ ಮುಂದೆ ಅವಳ ಕಥೆಯನ್ನೇ ಹೇಳಿದೆ, ಮೊದಲಿಂದ ಕೊನೆಯವರೆಗೆ, ಜೀಪಿನಲ್ಲಿ ನಾನು ಬಾಯಿ ಹರಿಬಿಟ್ಟದ್ದನ್ನೂ ಸೇರಿಸಿ. ನೂಲು ಸುತ್ತುವ ಕೈ ನಿಂತಿತು. ಹೌದು ಎನ್ನಲಾರಳು, ಅಲ್ಲ ಎನ್ನಲಾರಳು, ಕತ್ತು ಅಲ್ಲಾಡಿಸಲಾರಳು. ಆದರೆ ಮುಖ ಇದೆಯಲ್ಲ. ಅವನ ಮೂರು ಸಿಳ್ಳೆಯಲ್ಲಿಗೆ ನಾನು ಕಥೆ ನಿಲ್ಲಿಸಿದಾಗ ಆ ಮುಖ ಕಿವುಚಿಹೋಯಿತು. ಎಲ್ಲೋ ತಪ್ಪಿದೆ ಎಂದು ಗೊತ್ತಾಯಿತು. ಮುಂದಿನ ಭಾನುವಾರ ಮತ್ತೆ ಹೋದೆ, ಮತ್ತೆ ಹೇಳಿದೆ. ಆಮೇಲೆ ಅವನು ಓಡಿ ಬರುತ್ತಿದ್ದನೇ? ಅವಳ ಮುಖ ಮುಚ್ಚಿದ ಬಾಗಿಲಿನ ಹಾಗೆ, ಇಲ್ಲ ಎಂದು ನಾನೇ ಅರ್ಥ ಮಾಡಿಕೊಳ್ಳಬೇಕು. ಎಡವಿದನೇ? ಇಲ್ಲ. ನಿನ್ನ ಹೆಸರು ಕೂಗಿದನೇ? ಇಲ್ಲ. ಎಷ್ಟು ಭಾನುವಾರ ಹೋದೆನೋ, ಎರಡು ಮಳೆಗಾಲ ಕಳೆಯಿತು. "ಬುಡು ಅಣ್ಣ, ನಿಂಗೂ ವಯಸ್ಸಾಯ್ತು" ಎಂದು ಮಾತ್ರ ಎನ್ನುತ್ತಿದ್ದಳು, ಮತ್ತೆ ಮುಂದಿನ ವಾರ ಚಾಪೆ ಹಾಸಿಡುತ್ತಿದ್ದಳು.

ಒಂದು ದಿನ ಬಾಯಲ್ಲಿ ಹೇಳುವುದು ಬಿಟ್ಟು ಸಿಳ್ಳೆಯನ್ನೇ ಹಾಕಿದೆ. ಹಲ್ಲಿಲ್ಲದ ಬಾಯಿ, ಗಾಳಿಯೇ ಹೆಚ್ಚು. ಅವಳ ಎರಡು ಹಾಕಿದೆ. ಅವನ ಮೂರು ಹಾಕಿದೆ. ಅವಳು ಚಾಪೆಯ ಅಂಚು ಬಿಗಿಯಾಗಿ ಹಿಡಿದಿದ್ದಳು. ಉಸಿರು ಉಳಿದಿತ್ತು, ಒಂದು ಉದ್ದ ಸಿಳ್ಳೆ ಹಾಕಿದೆ.

ಅವಳ ಬೆರಳು ಸಡಿಲವಾಯಿತು. ಅಂದು ಒಂದು ಹನಿ ನೀರೂ ಹಾಕದ ಕಣ್ಣು ಅವತ್ತು ಧಾರೆಯಾಗಿ ಸುರಿಯಿತು, ಮುಖ ಮಾತ್ರ ತಿಳಿಯಾಗಿತ್ತು, ಮಗುವಿನ ಮುಖದ ಹಾಗೆ. ಒಂದು ಉದ್ದ. ಗಾಳಿ ತಿರುಗಿತು, ಓಡು. ಬೆಂಕಿಯ ಒಳಗಿನಿಂದ ಅವನು ಕೊನೆಗೆ ಹಾಕಿದ್ದು ತನಗಾಗಿ ಅಲ್ಲ. ಅವಳನ್ನು ಓಡಿಸಲು. ಅವಳು ಓಡಿದ್ದಳು. ಮೊಟ್ಟೆಗೆ ಆಸೆಪಟ್ಟು ಸತ್ತ ಪೆದ್ದ ಎಂದು ನಾನೇ ಟೀ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದೆ.

ಹೋದ ತಿಂಗಳು ದುಂಡಮ್ಮ ತೀರಿಕೊಂಡಳು. ಹೊತ್ತವರು ನಾಲ್ಕು ಜನ, ಹಿಂದೆ ನಾನು. ಹಾಗಾಗಿ ಇದು ಈಗ ಒಂದೇ ಬಾಯಲ್ಲಿದೆ, ಆ ಬಾಯಿಗೂ ಹೆಚ್ಚು ದಿನ ಇಲ್ಲ. ಮಾಳದ ಪುಸ್ತಕದಲ್ಲಿ ಕುಡುಕ ಎಂದೇ ಇದೆ, ಇರಲಿ, ಅದನ್ನು ಹೊಡೆದುಹಾಕಿಸುವುದು ನಿಮ್ಮಿಂದಲೂ ಆಗದು. ನೀವು ಮಾಡಬೇಕಾದದ್ದು ಇಷ್ಟು. ಫೋನು ಕೆಳಗಿಟ್ಟು, ಎದುರಿಗೆ ಯಾರಿದ್ದಾರೋ ಅವರಿಗೆ, ನಿಮ್ಮ ಬಾಯಿಂದಲೇ ಹೇಳಿ. ಚಿಕ್ಕಮಾದ ಕುಡಿದಿರಲಿಲ್ಲ, ಸುಡು ಎಂದು ಹೇಳಿದವನು ಬೇರೆ, ಸಾಯುವ ಹೊತ್ತಿನಲ್ಲಿ ಅವನು ಹೆಂಡತಿಯನ್ನು ಓಡು ಎಂದ ಎಂದು ಹೇಳಿ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ನನ್ನ ಹೆಸರು ಹೇಳಿ. ಹೇಳುವಾಗ, ನನಗೇನೂ ಕೇಳಿಸಲಿಲ್ಲ ಎಂದು ಶಾಲೆಯಲ್ಲಿ ನಾನು ಎದ್ದು ನಿಂತು ಹೇಳಿದ್ದನ್ನು ಮಾತ್ರ ಬಿಡಬೇಡಿ. ಅದನ್ನೂ ಸೇರಿಸಿಯೇ ಹೇಳಿ.